ಹೊಂದಿಕೊಂಡು ಹೋಗುವುದು

ಮಹಿಳಾ ಸಮಾಜದ ವಾರ್ಷಿಕ ಸಭೆಗೆ ಎರಡೇ ಗಂಟೆ ಉಳಿದಿತ್ತು. ಕಾರ್ಯದರ್ಶಿಯ ವರದಿ, ಜಮಾ ಖರ್ಚಿನ ಪಟ್ಟಿ ಎರಡೂ ಸಿದ್ಧವಾಗಿದ್ದವು. ಪ್ರಿಂಟರಿಗೆ ಕಾಗದ ತುಂಬಿ ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಕಂಪ್ಯೂಟರು ತನ್ನ ಪಾಡಿಗೆ ತಾನು ಮುಚ್ಚಿಕೊಂಡು, ನವೀಕರಣ ನಡೆದಿದೆ, ಆರಿಸಬೇಡಿ ಎಂಬರ್ಥದ ಒಂದು ಸಾಲನ್ನು ತೋರಿಸುತ್ತ ಕುಳಿತಿತು. ಶೇಕಡಾ 12. ನಾನು ಹೋಗಿ ಕುಕ್ಕರ್ ಇಟ್ಟು ಬಂದೆ. ಶೇಕಡಾ 12. ಸೀರೆ ಉಟ್ಟು ಬಂದೆ. ಶೇಕಡಾ 31. ಕೊನೆಗೆ ವರದಿಯನ್ನು ನೆನಪಿನಿಂದಲೇ ಹೇಳಿದೆ. ಖರ್ಚಿನ ಬಾಬತ್ತಿನಲ್ಲಿ ಶಾಮಿಯಾನದ ಬಾಡಿಗೆ ಬಿಟ್ಟುಹೋಯಿತು. ಅದನ್ನು ಖಜಾಂಚಿ ಎಲ್ಲರೆದುರು ಎದ್ದು ನಿಂತು ನೆನಪಿಸಿದರು. ಮನೆಗೆ ಬಂದವಳೇ ತಂಗಿಯ ಮಗಳಿಗೆ ಫೋನು ಮಾಡಿ, "ಈ ಪೀಡೆಯನ್ನು ತೆಗೆದು ಬೇರೆ ಏನಾದರೂ ಹಾಕಿಕೊಡೇ" ಎಂದೆ.

ಪೀಡೆ ಎಂದದ್ದು ಯಂತ್ರವನ್ನಲ್ಲ, ಅದರೊಳಗಿನ ಆಪರೇಟಿಂಗ್ ಸಿಸ್ಟಮನ್ನು. ಅದೆಂದರೆ ಕೂಡುಕುಟುಂಬದ ಯಜಮಾನಿತಿ ಇದ್ದ ಹಾಗೆ. ಬೀಗದ ಕೈ ಗೊಂಚಲು ಅವಳ ಸೊಂಟದಲ್ಲಿರುತ್ತದೆ. ಯಾವ ಕೆಲಸಕ್ಕೆ ಎಷ್ಟು ಜಾಗ, ಪ್ರಿಂಟರು ಈಗ ಯಾರ ಪಾಲಿಗೆ, ಯಾರು ಮೊದಲು ಯಾರು ಆಮೇಲೆ ಎಲ್ಲವನ್ನೂ ಅವಳೇ ಗೊತ್ತು ಮಾಡುತ್ತಾಳೆ. ಮನೆ ನಮ್ಮ ದುಡ್ಡಿನದೇ ಇರಬಹುದು, ಆದರೆ ಉಗ್ರಾಣದ ಬಾಗಿಲು ಅವಳು ತೆಗೆದರೇ ಸೈ. ನನ್ನ ಹಳೆಯ ಯಜಮಾನಿತಿಯ ಹೆಸರು ಇಲ್ಲಿ ಬೇಡ. ಬಿಟ್ಟು ಬಂದ ಮನೆಯ ಹೆಸರನ್ನು ಬೀದಿಯಲ್ಲಿ ನಿಂತು ಹೇಳಬಾರದು ಎನ್ನುವ ಸಂಸ್ಕಾರ ನನಗಿದೆ.

ಹುಡುಗಿ ಭಾನುವಾರ ಬಂದಳು. ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದು ಸಿಕ್ಕಿಸಿ, "ಇದು ಲಿನಕ್ಸ್, ದೊಡ್ಡಮ್ಮಾ. ಮಿಂಟ್ ಅಂತ ಇದರ ಒಂದು ಬಗೆ. ಈಗಲೇ ಹಾಕುವುದಿಲ್ಲ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡು, ಹಿಡಿಸಿದರೆ ಆಮೇಲೆ ಹಾಕೋಣ" ಎಂದಳು. ನನಗೆ ನಗು ಬಂತು. ಮನೆಯೊಳಗೆ ಕಾಲಿಡದೆಯೇ ಸಂಸಾರ ನಡೆಸಿ ನೋಡುವ ಅನುಕೂಲ ನಮ್ಮ ಕಾಲದಲ್ಲಿ ಯಾರಿಗಿತ್ತು? ಹಾಗೆ ಹೇಳಿದೆ ಕೂಡ. ಅವಳೂ ನಕ್ಕಳು. ನಗುತ್ತಲೇ ಕೀಲಿಮಣೆಯಿಂದ ಕಣ್ಣೆತ್ತದೆ ಹೇಳಿದಳು: "ಅಮ್ಮನಿಗೆ ಹನ್ನೊಂದು ವರ್ಷ ಹೊಂದಿಕೊಂಡು ಹೋಗು ಅಂದೆ. ಇದನ್ನು ಒಂದು ಮಧ್ಯಾಹ್ನದಲ್ಲಿ ಬಿಟ್ಟೆಯಲ್ಲ."

ಕೊಂಕಿನಿಂದ ಹೇಳಿದ ಮಾತಲ್ಲ. ಕೊಂಕಾಗಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ನನ್ನ ಭಾವ, ಅಂದರೆ ತಂಗಿಯ ಗಂಡ, ಕೆಟ್ಟವನಲ್ಲ. ಕುಡಿತವಿಲ್ಲ, ಹೊಡೆತವಿಲ್ಲ. ಆದರೆ ಆ ಮನೆಯಲ್ಲಿ ಯಾವ ಪಾತ್ರೆ ಕೊಳ್ಳಬೇಕು, ತವರಿಗೆ ಯಾವಾಗ ಹೋಗಬೇಕು, ಅವಳದೇ ಸಂಬಳದಲ್ಲಿ ಅವಳ ಕೈಗೆ ಎಷ್ಟು, ಎಲ್ಲವೂ ಅವನ ತೀರ್ಮಾನ. ಒಂದು ದಿನ ಅವಳು ಆಫೀಸಿನಿಂದ ಬರುವಷ್ಟರಲ್ಲಿ ಅವಳ ಹೊಲಿಗೆ ಯಂತ್ರವನ್ನು ಕೇಳದೆಯೇ ಮಾರಿಬಿಟ್ಟಿದ್ದ. ಮೂಲೆಯಲ್ಲಿ ಜಾಗ ಹಿಡಿದಿತ್ತಂತೆ. ಅವಳು ಮರುದಿನ ಮಗಳ ಕೈ ಹಿಡಿದು ಬಂದಳು. "ಒಂದು ಹೊಲಿಗೆ ಯಂತ್ರಕ್ಕೆ ಸಂಸಾರ ಬಿಟ್ಟಳಂತೆ" ಎಂದು ಊರು ಆಡಿಕೊಂಡಿತು. ಊರು ಎಂದೆನಲ್ಲ, ಅದರಲ್ಲಿ ನಾನೂ ಇದ್ದೆ. ಸಿಟ್ಟಿನಲ್ಲಿ ತೀರ್ಮಾನ ಮಾಡಬೇಡ ಎಂದು ಅವಳಿಗೆ ಹೇಳಿದವರಲ್ಲಿ ನಾನೇ ಮೊದಲಿನವಳು.

ಯಂತ್ರಕ್ಕೂ ಮನುಷ್ಯರಿಗೂ ಹೋಲಿಕೆಯೇ, ಎಂದು ನೀವು ಕೇಳಬಹುದು. ನಾನೂ ಆ ರಾತ್ರಿ ಹಾಗೆಂದೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಕಂಪ್ಯೂಟರನ್ನು ಬಿಟ್ಟರೆ ಅದಕ್ಕೆ ನೋವಿಲ್ಲ, ಅದಕ್ಕೆ ನನ್ನ ಋಣವಿಲ್ಲ. ಮನುಷ್ಯರನ್ನು ಬಿಡುವಾಗ ಎದುರಿಗೊಂದು ಜೀವವಿದೆ. ಒಪ್ಪಿದೆ. ಆದರೆ ನಾನು ತಂಗಿಗೆ ಹೇಳಿದ್ದು ಎದುರಿನ ಜೀವದ ಮಾತಲ್ಲವಲ್ಲ. ಹೇಳಿದ್ದು ಸಿಟ್ಟಿನ ಮಾತು. ಕಿರಿಕಿರಿ ಒಂದು ಕಾರಣವೇ ಅಲ್ಲ, ಕಾರಣ ಬೇರೆ ಇದ್ದರೆ ಹೇಳು ಎಂದಿದ್ದೆ. ಹಾಗಾದರೆ ನನ್ನ ಕಾರಣವೇನು? ಶೇಕಡಾ 31?

ಲೆಕ್ಕ ಹಾಕುತ್ತ ಹೋದೆ. ಮೂರು ವರ್ಷದಿಂದ ನಾನು ಕೇಳದ ಪ್ರಕಟಣೆಗಳು ಮೂಲೆಯಲ್ಲಿ ಏಳುತ್ತಿದ್ದವು. ಬೇಡ ಎಂದರೆ 'ಈಗ ಬೇಡ' ಎಂಬ ಗುಂಡಿ ಮಾತ್ರ; 'ಎಂದಿಗೂ ಬೇಡ' ಎನ್ನುವ ಗುಂಡಿಯೇ ಇಲ್ಲ. ತೆಗೆದುಹಾಕಿದ್ದು ಮುಂದಿನ ತಿಂಗಳು ಮತ್ತೆ ಬಂದು ಕೂತಿರುತ್ತಿತ್ತು. ಪ್ರತಿ ಸಲವೂ ನಾನು, ಇಷ್ಟೇ ತಾನೇ ಎಂದುಕೊಂಡೆ. ಸಭೆಯ ದಿನದ ಸಿಟ್ಟು ಆ ದಿನದ್ದಾಗಿರಲಿಲ್ಲ. ಅದು ಮೂರು ವರ್ಷದ ಕೂಡಿಕೆಯ ಮೊತ್ತ. ಕೆಳಗೆ ಗೀಟು ಎಳೆದದ್ದು ಮಾತ್ರ ಆ ಮಧ್ಯಾಹ್ನ. ಹೊಲಿಗೆ ಯಂತ್ರದ ಬಾಬತ್ತಿನಲ್ಲಿ ನಾನು ಮೊತ್ತವನ್ನು ನೋಡಿ, ಮೇಲಿನ ಸಾಲುಗಳನ್ನು ಓದಿರಲೇ ಇಲ್ಲ.

ಈ ಲಿನಕ್ಸಿನ ಹಿಂದೆಯೂ ಒಂದು ಸಿಟ್ಟಿನ ಕಥೆಯಿದೆ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಎಂಐಟಿ ವಿದ್ಯಾಲಯದ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸದಲ್ಲಿದ್ದರು. 1980ರ ಸುಮಾರಿಗೆ ಅಲ್ಲಿಗೊಂದು ಲೇಸರ್ ಪ್ರಿಂಟರು ಬಂತು, ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಹೋಗುವಂತೆ ಅವರು ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದರು. ಇದನ್ನೂ ತಿದ್ದೋಣವೆಂದು ಅದರ ಮೂಲ ಬರಹ ಕೇಳಿದರೆ, ಬೇರೆ ವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದ ವ್ಯಕ್ತಿ ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂದುಬಿಟ್ಟ. ಸಿಕ್ಕಿಕೊಂಡ ಕಾಗದವೆಂದರೆ ಎಷ್ಟರದು! ಆದರೆ ಆ ಮನುಷ್ಯ 1983ರಲ್ಲಿ ಎಲ್ಲರೂ ಓದಿ ತಿದ್ದಬಹುದಾದ ಹೊಸ ವ್ಯವಸ್ಥೆಯನ್ನೇ ಕಟ್ಟುತ್ತೇನೆಂದು ಸಾರಿದರು; ಮಾಡಿದ್ದರ ಮೇಲೆ ವಿದ್ಯಾಲಯ ಹಕ್ಕು ಹೇಳಬಾರದೆಂದು 1984ರಲ್ಲಿ ಕೆಲಸವನ್ನೂ ಬಿಟ್ಟರು. ಅದಕ್ಕೆ ಬೇಕಾಗಿದ್ದ ತಿರುಳನ್ನು 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ, ಅದೂ ಹವ್ಯಾಸಕ್ಕೆಂದು. ಸಿಟ್ಟು ಒಂದು ಮಧ್ಯಾಹ್ನದ್ದು, ದುಡಿಮೆ ವರ್ಷಗಳದ್ದು. ಬರಿಯ ಸಿಟ್ಟಿನಿಂದ ಬಿಟ್ಟುಬರಬಹುದು. ಅಲ್ಲಿ ಉಳಿಯಲು ಬೇರೆಯದೇ ಬೇಕಾಗುತ್ತದೆ.

ಎಲ್ಲರೂ ಸಿಟ್ಟಿನಿಂದಲೇ ಬಿಡುತ್ತಾರೆ ಎಂದಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಈ ಶತಮಾನದ ಮೊದಲ ದಶಕದಲ್ಲೇ ಇಂಥ ಸ್ವತಂತ್ರ ತಂತ್ರಾಂಶಕ್ಕೆ ಬಂದವು. ಸಾವಿರಾರು ಯಂತ್ರಗಳ ಪರವಾನಗಿ ದುಡ್ಡು ಉಳಿಯುತ್ತದೆನ್ನುವುದೂ ಅಲ್ಲಿ ಒಂದು ಲೆಕ್ಕ. ಸರ್ಕಾರಗಳಿಗೆ ಹಾಗೆ ತಣ್ಣಗೆ ಕೂತು ಬಿಡಲು ಬರುತ್ತದೆ.

ನಾನು ಪೂರ್ತಿ ಬಿಡಲಿಲ್ಲ. "ಎರಡನ್ನೂ ಇಟ್ಟುಕೋಬಹುದು, ಹಾರ್ಡ್ ಡಿಸ್ಕ್ ಪಾರ್ಟಿಷನ್ ಮಾಡಿದರಾಯಿತು" ಎಂದಳು ಹುಡುಗಿ. ಪಾಲು ಎಂದ ಕೂಡಲೇ ನಮ್ಮ ಮನೆತನಕ್ಕೆ ಎದೆ ಧಸಕ್ಕೆನ್ನುತ್ತದೆ, ಆದರೂ ಒಪ್ಪಿದೆ. ಈಗ ಕಂಪ್ಯೂಟರು ಹಚ್ಚಿದಾಗ ಯಾವ ಬಾಗಿಲಿನಿಂದ ಒಳಗೆ ಬರುತ್ತೀ ಎಂದು ಅದು ಕೇಳುತ್ತದೆ. ಮೊದಲ ತಿಂಗಳು ಹಳೆಯ ಬಾಗಿಲಿಗೇ ಹೆಚ್ಚು ಹೋದೆ. ಹೊಸದರಲ್ಲಿ ನನ್ನ ಪ್ರಿಂಟರು ಎಂಟು ದಿನ ಮಾತೇ ಆಡಲಿಲ್ಲ. ಹಳೆಯ ವರದಿಗಳನ್ನು ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಇದು ಹೊಸದರ ತಪ್ಪಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ನಮ್ಮ ಅಕ್ಷರದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇಲ್ಲದ ಕಡೆ ಕುರ್ಚಿಯ ಮೂಲ ಒಡೆಯರು ಎದ್ದು ಬರುತ್ತಾರೆ. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆಂದೇ 128 ಜಾಗಗಳನ್ನು ಕಾದಿರಿಸಿತ್ತು. ಅಷ್ಟು ವರ್ಷ ನಾನು ಬಾಡಿಗೆ ಕುರ್ಚಿಯಲ್ಲೇ ಕೂತಿದ್ದೆ, ಹೊರಗೆ ಬರುವವರೆಗೆ ಅದು ಗೊತ್ತೇ ಆಗಿರಲಿಲ್ಲ.

ಹೊಸದರ ಪರವಾನಗಿಯನ್ನು ಒಂದು ಸಂಜೆ ಹುಡುಗಿಯಿಂದ ಓದಿಸಿ ಕೇಳಿದೆ. ಬೇಕಾದ ಹಾಗೆ ಬಳಸು, ಒಳಗೆ ಹೇಗಿದೆಯೆಂದು ನೋಡು, ತಿದ್ದು, ನಾಲ್ಕು ಜನಕ್ಕೆ ಹಂಚು ಎಂದೆಲ್ಲ ಸ್ವಾತಂತ್ರ್ಯವಿದೆ. ಅದರ ಬೆನ್ನಿಗೇ, ಇದಕ್ಕೆ ಯಾವ ಖಾತರಿಯೂ ಇಲ್ಲ ಎಂಬ ಮಾತೂ ಇದೆ. ನನಗೆ ಆ ಪ್ರಾಮಾಣಿಕತೆ ಹಿಡಿಸಿತು. ಮೆನುಗಳಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಕನ್ನಡ ಮಾಡಿದವರು ಬಿಡುವಿನ ವೇಳೆಯಲ್ಲಿ ಮಾಡಿದವರು. ಉಳಿದದ್ದು ಯಾರೂ ಮಾಡದೆ ಬಿದ್ದಿದೆ. ದೂರೋಣವೆಂದರೆ ಯಾರನ್ನು? ಹಳೆಯ ಮನೆಯಲ್ಲಿ ಬೈಯಲು ಒಬ್ಬರಿದ್ದರು. ಬೈದುಕೊಳ್ಳುತ್ತ ಇರುವುದರಲ್ಲೂ ಒಂದು ಸುಖವಿದೆ ಎನ್ನುವುದನ್ನು ನಾವು, ಮುಖ್ಯವಾಗಿ ಹೆಂಗಸರು, ಅಷ್ಟು ಬೇಗ ಒಪ್ಪುವುದಿಲ್ಲ. ತಂಗಿ ತವರಿಗೆ ಬಂದ ಹೊಸತರಲ್ಲಿ ಗ್ಯಾಸು ಮುಗಿದರೂ, ಮಗಳ ಶಾಲೆಯ ಫೀಸು ತಡವಾದರೂ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದಳು. ಅದನ್ನು ನಾನು ಪಶ್ಚಾತ್ತಾಪ ಎಂದುಕೊಂಡಿದ್ದೆ.

ಅವಳು ಕಳೆದ ವಾರ ಬಂದಿದ್ದಳು. ನಾನು ಪತ್ರವೊಂದನ್ನು ಟೈಪು ಮಾಡುತ್ತಿದ್ದೆ, ಹಿಂದೆ ನಿಂತು ನೋಡಿದಳು.

"ಇನ್ನೂ ಹಳೆಯದನ್ನು ಇಟ್ಟುಕೊಂಡಿದ್ದೀಯಂತೆ?"

"ಇದೆ. ಹಳೇ ವರದಿಗಳಿವೆ ಅದರಲ್ಲಿ."

"ತೆಗೆದು ನೋಡ್ತೀಯಾ?"

"ಈಚೆಗೆ ಇಲ್ಲ."

ಅವಳು ಕುರ್ಚಿ ಎಳೆದು ಕೂತಳು. "ನಾನೂ ಎರಡು ವರ್ಷ ಆ ಮನೆಯ ಬೀಗದ ಕೈ ಇಟ್ಟುಕೊಂಡಿದ್ದೆ ಅಕ್ಕಾ. ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ."

ಅವಳು ಇದನ್ನು ನನಗೆ ಎಂದೂ ಹೇಳಿರಲಿಲ್ಲ. ಹೇಳುವ ಹಾಗೆ ನಾನು ಇಟ್ಟಿರಲೂ ಇಲ್ಲ. "ಆಮೇಲೆ ಏನು ಮಾಡಿದೆ?" ಎಂದು ಕೇಳಿದೆ.

"ಹಿತ್ತಾಳೆಯದು. ಗುಜರಿಯವನು ಬಂದಾಗ ಹಳೇ ಪೇಪರಿನ ಜೊತೆ ಹಾಕಿದೆ. ತೂಕಕ್ಕೆ ಏನೂ ಬರಲಿಲ್ಲ" ಎಂದಳು. ಕಾಫಿ ಮಾಡಲೇ ಎಂದರೆ, ಬೇಡ, ನೀನು ಬರೆದು ಮುಗಿಸು, ನಾನೇ ಮಾಡುತ್ತೇನೆ ಎಂದು ಒಳಗೆ ಹೋದಳು.