ನೋಡವರಿಗೆ ಸಾಕು, ಹತ್ತವರಿಗೆ ಸಾಲಂಗಿಲ್ಲ

ಸೆಟ್ ಹಾಕುವುದು ಅಂದ್ರೆ ಸುಳ್ಳು ಹೇಳುವುದಾ? ಥರ್ಮಾಕೋಲನ್ನು ಕಲ್ಲು ಅಂತ ನಂಬಿಸುವುದು, ಪ್ಲೈವುಡ್ಡಿಗೆ ಬಣ್ಣ ಬಳಿದು ಕೋಟೆ ಅನ್ನುವುದು, ಮರದ ಕತ್ತಿಗೆ ಬೆಳ್ಳಿ ಹಾಳೆ ಸುತ್ತುವುದು. ದಿನವಿಡೀ ಇದನ್ನೇ ಮಾಡಿ ಹೊಟ್ಟೆ ಹೊರೆಯುವವರನ್ನು ಪ್ರಾಮಾಣಿಕರು ಅನ್ನಬಹುದಾ? ನನಗೆ ಇದು ತಮಾಷೆಯ ಪ್ರಶ್ನೆಯಲ್ಲ. ನಮ್ಮಲ್ಲಿ ಬಹಳ ಜನರ ನೌಕರಿಯೂ ಹೆಚ್ಚುಕಡಿಮೆ ಇದೇ: ಇನ್ನೂ ಆಗದೇ ಇರುವುದನ್ನು ಆಗಿದೆ ಅಂತ ತೋರಿಸುವುದು.

ಮೊದಲು ಪ್ರೇಕ್ಷಕರ ಕಡೆಯಿಂದ ನೋಡೋಣ. ಏಣಗಿ ಬಾಳಪ್ಪನವರ ಕಾಲದ ಕಂಪನಿ ನಾಟಕಗಳಲ್ಲಿ ಒಂದು ಪರದೆ ಇಳಿದರೆ ಕಾಡು, ಇನ್ನೊಂದು ಇಳಿದರೆ ದರ್ಬಾರು. ಗಾಳಿ ಬೀಸಿದರೆ ಅರಮನೆಯ ಕಂಬಗಳೇ ಅಲುಗಾಡಬೇಕು. ಅದು ಬಟ್ಟೆ ಅಂತ ಎಲ್ಲರಿಗೂ ಗೊತ್ತು. ಟಿಕೆಟ್ ತಗೊಂಡಾಗಲೇ ಆ ಒಪ್ಪಂದ ಆಗಿಹೋಗಿದೆ. ಬೆಳಗಾವಿಗೆ ಹತ್ತಿರದ ಕೊಲ್ಲಾಪುರದ ಬಾಬುರಾವ್ ಪೇಂಟರ್ ಇಂಥ ಪರದೆ ಬರೆದೇ ಹೆಸರು ಮಾಡಿದರು, ಆಮೇಲೆ ಸಿನಿಮಾ ತೆಗೆದರು. ನೋಡುವವರು ತಿಳಿದೇ ಒಪ್ಪಿಕೊಂಡಿದ್ದನ್ನು ಸುಳ್ಳು ಅನ್ನೋಕಾಗಲ್ಲ.

ಆದ್ರೆ ಪ್ರೇಕ್ಷಕರ ಜೊತೆಗೆ ಇನ್ನೊಬ್ಬರಿದ್ದಾರೆ. ಸೆಟ್ಟಿನ ಮೇಲೆ ನಿಲ್ಲುವವರು.

ಖಾನಾಪುರ ತಾಲೂಕಿನ ನಂದಗಡ, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ರಾಯಣ್ಣನ ನಾಟಕವನ್ನು ನಮ್ಮ ಕಡೆ ಊರೂರಲ್ಲಿ ಆಡ್ತಾರೆ, ಕೊನೆಯ ದೃಶ್ಯಕ್ಕೆ ಎಲ್ಲರೂ ಉಸಿರು ಹಿಡಿದು ಕಾಯ್ತಾರೆ. ಆ ಹಗ್ಗ ಬಿಗಿದಂತೆ ಕಾಣಬೇಕು, ಬಿಗಿಯಬಾರದು. ಕೆಲಸ ಬಲ್ಲವರು ಅಂಗಿಯ ಒಳಗೆ ಎದೆಗೆ, ಸೊಂಟಕ್ಕೆ ಪಟ್ಟಿ ಕಟ್ಟಿ ಮೈಭಾರವನ್ನೆಲ್ಲ ಅದರ ಮೇಲೆ ಬಿಡ್ತಾರೆ. ಕುತ್ತಿಗೆಯ ಕುಣಿಕೆ ಸ್ವಲ್ಪ ಎಳೆದರೂ ಬಿಚ್ಚಿಕೊಳ್ಳುವಂತೆ ಮಾಡಿರ್ತಾರೆ. ಊರಿಗೆಲ್ಲ ಅದು ಗಲ್ಲು. ಒಬ್ಬನಿಗೆ ಮಾತ್ರ ಅಲ್ಲ, ಮತ್ತು ಅದು ಅವನಿಗೆ ಖಾತ್ರಿಯಾಗಿ ಗೊತ್ತಿರಬೇಕು.

ಬೆಳಗಾವಿಯ ಶಿವಜಯಂತಿ ಮೆರವಣಿಗೆಗೆ ಚಿತ್ರರಥ ಕಟ್ಟುವ ಒಬ್ಬರನ್ನು ಕೇಳಿದ್ದೆ. ಟ್ರೇಲರಿನ ಮೇಲೆ ಕೋಟೆ, ಕೋಟೆಯ ಮೇಲೆ ವೇಷ ಹಾಕಿದ ಹುಡುಗರು ನಿಲ್ತಾರೆ. "ಕಾಕಾ, ಒಂದ ರಾತ್ರಿ ಸಲುವಾಗಿ ಒಳಗ ಇಷ್ಟ್ಯಾಕ ಕಬ್ಬಿಣ? ನೋಡವರಿಗೆ ಕೋಟಿ ಅನ್ನಿಸಿದ್ರ ಸಾಕಲ್ಲ?"

"ನೋಡವರಿಗೆ ಸಾಕು ತಮ್ಮಾ. ಹತ್ತವರಿಗೆ ಸಾಲಂಗಿಲ್ಲ."

ದೊಡ್ಡ ದುಡ್ಡಿನ ಸೆಟ್ಟುಗಳಲ್ಲೂ ಈ ಮಾತು ಮರೆತುಹೋಗುತ್ತೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿತ್ತು. ಗೋಡೆಗೆ ಗೋಣಿತಟ್ಟು, ಸಡಿಲ ವೈರಿಂಗ್, ಸರಿಯಾಗಿ ಗಾಳಿಯಾಡದ ಫ್ಲೋರು. ಸತ್ತವರು ಐವತ್ತಕ್ಕೂ ಹೆಚ್ಚು. 2021ರಲ್ಲಿ ಅಮೆರಿಕದ 'ರಸ್ಟ್' ಚಿತ್ರದ ಸೆಟ್ಟಿನಲ್ಲಿ, ಗುಂಡಿಲ್ಲ ಅಂತ ಹೇಳಿ ಕೊಟ್ಟ ಪಿಸ್ತೂಲಿನಲ್ಲಿ ನಿಜವಾದ ಗುಂಡಿತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು. ಆಯುಧಗಳ ಹೊಣೆ ಹೊತ್ತವರಿಗೆ 2024ರಲ್ಲಿ ಶಿಕ್ಷೆಯಾಯಿತು.

"ಸಿನಿಮಾದವರು ಅಪಾಯ ಒಪ್ಪಿಕೊಂಡೇ ಬಂದಿರ್ತಾರಲ್ವಾ?" ಅಂತ ನೀವು ಕೇಳಬಹುದು. ಒಪ್ಪಿಕೊಳ್ಳಬೇಕಾದ್ರೆ ಮೊದಲು ಗೊತ್ತಿರಬೇಕು. ದಿನಗೂಲಿಗೆ ಸೈನಿಕನ ವೇಷ ಹಾಕಿ ಗುಂಪಿನಲ್ಲಿ ನಿಂತವನು ಗೋಡೆಯ ಗೋಣಿತಟ್ಟು ಸರಿಸಿ ವೈರಿಂಗ್ ನೋಡಿ ಬರ್ತಾನಾ? ಅವನು ನಂಬಿ ನಿಂತಿರುತ್ತಾನೆ. ಪ್ರೇಕ್ಷಕ ಕೋಟೆಯನ್ನು ನಂಬುವುದು ಆಟ. ಅವನು ನಂಬುವುದು ಆಟವಲ್ಲ.

ಹಾಗಾಗಿ ನನ್ನ ಮಟ್ಟಿಗೆ ಉತ್ತರ ಹೀಗಿದೆ. ಕಣ್ಣಿಗೆ ಎಷ್ಟು ಬೇಕಾದ್ರೂ ಸುಳ್ಳು ಹೇಳಿ, ಭಾರ ಹಾಕುವವನಿಗೆ ಮಾತ್ರ ಹೇಳಬೇಡಿ. ಸೆಟ್ ಹಾಕುವವರ ಪ್ರಾಮಾಣಿಕತೆಯನ್ನು ಬಣ್ಣದಲ್ಲಿ ಹುಡುಕಿದರೆ ಸಿಗಲ್ಲ, ಪರದೆ ಹಿಂದಿನ ಕಟ್ಟಿನಲ್ಲಿ ಹುಡುಕಬೇಕು.

ನಮ್ಮ ಡೆಮೊಗಳಿಗೂ ಇದೇ ಅಳತೆ. ಮಾದರಿ ಅಂತ ಹೇಳಿ ಮಾದರಿ ತೋರಿಸಿದರೆ ಪಾಪವೇನಿಲ್ಲ. ಹಿಂದೆ ಏನೂ ಇಲ್ಲದ ಸ್ಕ್ರೀನನ್ನು ತಯಾರಾಗಿದೆ ಅಂತ ಕಸ್ಟಮರ್‌ಗೆ ಮಾರಿ, ಮುಂದಿನ ತಿಂಗಳು ಅದನ್ನು ನಡೆಸಬೇಕಾದ ಜೂನಿಯರ್‌ಗೂ ಹೇಳದೆ ಇದ್ದರೆ, ಅವನನ್ನು ಥರ್ಮಾಕೋಲ್ ಕೋಟೆ ಹತ್ತಿಸಿದ ಹಾಗೆ. ಸೋಮವಾರದ ಮೀಟಿಂಗಿಗೆ ಮೊದಲು ಒಂದು ಸಲ ಕೇಳಿಕೊಳ್ಳಿ: ಇದನ್ನು ಬರೀ ನೋಡುವವರು ಯಾರು, ಹತ್ತುವವರು ಯಾರು? ಹತ್ತುವವರಿಗೆ ಯಾರಾದರೂ ಹೇಳಿದ್ದಾರಾ?