ನೆಲೆ ತಪ್ಪಿದವರ ಮನಸ್ಸಿಗೆ ನೆಲೆ

ಕಲ್ಯಾಣದ ಮಹಾಮನೆ ಬರಿದಾದ ಸಂದರ್ಭವನ್ನು ಸ್ಮರಿಸುವಾಗ ಸದ್ಭಕ್ತರು ಚೆನ್ನಬಸವಣ್ಣನವರ ಧೈರ್ಯವನ್ನೂ, ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದ ಶರಣರ ನಿಷ್ಠೆಯನ್ನೂ ಕೊಂಡಾಡುತ್ತಾರೆ. ಅದು ಯುಕ್ತವೇ ಸರಿ. ಆದರೆ ಆ ದಾರಿಯಲ್ಲಿ ಅಕ್ಕನಾಗಮ್ಮನವರೂ ನಡೆದರೆಂದು ಪರಂಪರೆ ಹೇಳುತ್ತದೆ. ಹೆಸರು ಉಳಿಯದ ಎಳೆವಯಸ್ಸಿನ ಹೆಣ್ಣುಮಕ್ಕಳೂ ಎಷ್ಟೋ ಮಂದಿ ಇದ್ದಿರಬೇಕು. ಹಗಲು ನಡೆದು ದಣಿದವರಿಗೆ ಇರುಳು ನಿದ್ರೆ ಬಂದಿತೆ? ಉರಿದ ಮನೆಯ ನೆನಪು ಕಣ್ಣೆದುರು ನಿಂತಾಗ ಅವರಿಗೆ ಯಾರು ಏನು ಹೇಳಿದರು? ಪುರಾಣಕಾರರು ಇದನ್ನು ಬರೆದಿಡಲಿಲ್ಲ. ಯುದ್ಧವನ್ನು ವರ್ಣಿಸಿದಷ್ಟು ಸುಲಭವಾಗಿ ಹೆಣ್ಣುಮಗಳ ನಿದ್ರೆಗೇಡನ್ನು ವರ್ಣಿಸಲಾಗದು.

ಆ ಪ್ರಶ್ನೆಯಾದರೋ ಹಳೆಯದಾಗಿಲ್ಲ. ಆಫ್ರಿಕಾ ಖಂಡದ ದಕ್ಷಿಣ ಸೂಡಾನ್ ದೇಶವು 2011ರ ಜುಲೈ 9ರಂದು ಸ್ವತಂತ್ರವಾಯಿತು. ಎರಡೂವರೆ ವರ್ಷ ತುಂಬುವುದರೊಳಗೆ, 2013ರ ಡಿಸೆಂಬರಿನಲ್ಲಿ, ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. 2016ರ ಜುಲೈ ತಿಂಗಳಲ್ಲಿ ರಾಜಧಾನಿ ಜೂಬಾದಲ್ಲಿ ಮತ್ತೆ ಕಾದಾಟವಾಗಲು, ಜನರು ಉಟ್ಟ ಬಟ್ಟೆಯಲ್ಲಿ ತೆಂಕಣ ನೆರೆದೇಶವಾದ ಉಗಾಂಡಕ್ಕೆ ಓಡಿದರು. 2017ರ ಆಗಸ್ಟ್ ವೇಳೆಗೆ ಹಾಗೆ ಆಶ್ರಯ ಪಡೆದವರು 10 ಲಕ್ಷ. ಅವರಲ್ಲಿ 100ಕ್ಕೆ 85ಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು ಮತ್ತು ಮಕ್ಕಳು. ಉಗಾಂಡವು ಶ್ರೀಮಂತ ದೇಶವೇನಲ್ಲ. ಆದರೂ ಬಂದವರಿಗೆ ಗುಡಿಸಲು ಕಟ್ಟಿಕೊಂಡು ಕಾಳು ಬಿತ್ತಲು ತುಂಡು ನೆಲ ಕೊಟ್ಟಿತು, ದುಡಿದು ಉಣ್ಣಲು ಅಪ್ಪಣೆ ಕೊಟ್ಟಿತು. ಬಾಗಿಲು ಮುಚ್ಚಿಕೊಂಡ ಸಿರಿವಂತ ರಾಜ್ಯಗಳನ್ನು ನೆನೆದಾಗ ಇದರ ಬೆಲೆ ತಿಳಿಯುತ್ತದೆ.

ನೆಲ ಸಿಕ್ಕಿತು, ಮನಸ್ಸಿಗೆ ನೆಲೆ ಸಿಗಲಿಲ್ಲ. ಗಂಡ ಸತ್ತನೋ ಬದುಕಿರುವನೋ ಅರಿಯದ ಹೆಣ್ಣು, ತಂದೆ ತಾಯಿಗಳನ್ನು ಕಳೆದುಕೊಂಡು ತಮ್ಮ ತಂಗಿಯರಿಗೆ ತಾನೇ ತಾಯಿಯಾದ ಹುಡುಗಿ, ಸೌದೆಗೆಂದು ಕಾಡಿಗೆ ಹೋಗುವಾಗ ಮಾನಕ್ಕೆ ಹೆದರುವವಳು: ಇವರ ಸಂಕಟಕ್ಕೆ ಅವರ ಸೀಮೆಯಲ್ಲಿ ‘ಅತಿಯಾಗಿ ಯೋಚಿಸುವುದು’ ಎಂದೇ ಹೆಸರು. ಕನ್ನಡದ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎನ್ನುವುದು ಇದನ್ನೇ ಅಲ್ಲವೆ? ಯೋಚನೆ ಒಂದು ಸಲ ಹತ್ತಿತೆಂದರೆ ಉಂಡ ಅನ್ನ ಮೈಗೆ ಹತ್ತದು. ಎತ್ತಿಕೊಂಡ ಕೂಸಿನ ಮೇಲೆ ಕಾರಣವಿಲ್ಲದೆ ಸಿಟ್ಟು ಬರುವುದು.

ಇಂತಹವಳ ಬಳಿ ಬರುವ ಹಿತೈಷಿಗಳು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಬ್ಬರು ‘ಆದದ್ದನ್ನು ಮರೆತುಬಿಡು ತಾಯಿ’ ಎನ್ನುತ್ತಾರೆ, ಮರೆವು ಎಂಬುದು ಅವಳ ಕೈಯಲ್ಲಿದ್ದಂತೆ! ಇನ್ನೊಬ್ಬರು ‘ಏನಾಯಿತು, ಎಲ್ಲವನ್ನೂ ಹೇಳು’ ಎಂದು ಕೆದಕಿ ಕೇಳುತ್ತಾರೆ; ಹುಣ್ಣಿನ ಹೊಪ್ಪಳೆಯನ್ನು ಕಿತ್ತು ನೋಡಿದಂತೆ. ಅವಳು ತಾನಾಗಿ ಹೇಳಿದರೆ ಕೇಳುವುದು ಧರ್ಮ, ಹೇಳಿಸುವುದು ಧರ್ಮವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಉಗಾಂಡದ ವಾಯವ್ಯ ಭಾಗದಲ್ಲಿರುವ ರೈನೋ ಕ್ಯಾಂಪ್ ಎಂಬ ನಿರಾಶ್ರಿತರ ನೆಲೆಯಲ್ಲಿ ಮಾಡಿ ನೋಡಿದ ಒಂದು ಕ್ರಮ ವಿಚಾರಾರ್ಹವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯವರು ಸಿದ್ಧಪಡಿಸಿದ ಕ್ರಮವದು. ಇಪ್ಪತ್ತು ಮೂವತ್ತು ಮಂದಿ ಸ್ತ್ರೀಯರು ಒಂದೆಡೆ ಕೂಡುವುದು. ಅವರು ಬಲ್ಲ ಜೂಬಾ ಅರಬ್ಬಿ ಮಾತಿನಲ್ಲಿ ಧ್ವನಿಮುದ್ರಣ ಮಾಡಿದ ಪಾಠವನ್ನು ಕೇಳುವುದು. ಅಕ್ಷರ ಬಾರದವರಿಗೂ ತಿಳಿಯುವಂತೆ ಚಿತ್ರಗಳಿರುವ ಪುಸ್ತಕವನ್ನು ಮನೆಗೆ ಒಯ್ಯುವುದು. ಎರಡೆರಡು ಗಂಟೆಗಳ ಐದು ಕೂಟಗಳು, ಅಷ್ಟೆ. ನಡೆಸಿಕೊಡುವವರು ವೈದ್ಯರಲ್ಲ, ಅಲ್ಪಕಾಲದ ತರಬೇತಿ ಪಡೆದ ಸಾಮಾನ್ಯರು.

ಪಾಠವಾದರೂ ಎಂಥದು? ದುಃಖದ ವಿಚಾರ ಗಾಳದಂತೆ. ಕಚ್ಚಿದ ಮೀನನ್ನು ಅದು ಎಳೆದುಕೊಂಡು ಹೋಗುವುದು. ಗಾಳವನ್ನು ಇಲ್ಲವೆನ್ನಬೇಡ, ‘ಇದೋ ಒಂದು ನೋವಿನ ಯೋಚನೆ ಬಂದಿದೆ’ ಎಂದು ಗುರುತಿಸಿ ಹೆಸರಿಡು. ಹೆಸರಿಟ್ಟ ಬಳಿಕ ಕಾಲಿನ ಕೆಳಗಿನ ನೆಲವನ್ನು ಒತ್ತಿ ನೋಡು, ಉಸಿರನ್ನು ಮೆಲ್ಲಗೆ ಬಿಡು, ಕೈಯಲ್ಲಿರುವ ಕೆಲಸಕ್ಕೆ ಮರಳು. ನೀರು ತರುತ್ತಿದ್ದರೆ ಆ ಕೊಡದ ಭಾರ, ಆ ನೀರಿನ ತಂಪು, ಹೆಜ್ಜೆಯ ಸಪ್ಪಳ. ಬಿರುಗಾಳಿ ನಿಲ್ಲದು, ಗಾಳಿ ಬೀಸುವಾಗ ಮರವನ್ನು ತಬ್ಬಿ ನಿಲ್ಲುವುದನ್ನು ಕಲಿಯಬಹುದು. ಮೋಡವೂ ಮಿಂಚೂ ಬಂದು ಹೋಗುತ್ತವೆ, ಆಕಾಶಕ್ಕೆ ಎಡೆಯುಂಟು. ಹಾಗೆಯೇ ನೋವಿಗೂ ಮನಸ್ಸಿನಲ್ಲಿ ಎಡೆ ಕೊಡು, ಅದರೊಡನೆ ಕಾದಾಡಿ ಬಳಲಬೇಡ. ಮತ್ತೊಂದು ಅಭ್ಯಾಸವಂತೂ ಹೃದಯಸ್ಪರ್ಶಿಯಾಗಿದೆ: ತನ್ನ ಅಂಗೈಯಲ್ಲಿ ದಯೆಯನ್ನು ತುಂಬಿಕೊಂಡಂತೆ ಭಾವಿಸಿ, ನೋವಿರುವೆಡೆಯಲ್ಲಿ ಆ ಕೈಯನ್ನು ತಾನೇ ಇಟ್ಟುಕೊಳ್ಳುವುದು. ಸಕಲ ಪ್ರಾಣಿಗಳಲ್ಲಿ ದಯೆ ಬೇಕೆಂದು ಬಲ್ಲ ಹೆಣ್ಣುಮಗಳು ಆ ಪ್ರಾಣಿಗಳಲ್ಲಿ ತಾನೂ ಒಬ್ಬಳೆಂಬುದನ್ನು ಎಷ್ಟು ಬೇಗ ಮರೆಯುತ್ತಾಳೆ!

ಇದೆಲ್ಲವನ್ನೂ ಶರಣರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ್ದಾರೆಂದು ಮೀಸೆ ತಿರುವುವವರು ಉಂಟು. ಹೇಳಿದವರು ಶರಣರು, ಮೀಸೆ ತಿರುವುವವರು ಮಾಡಿದ್ದೇನೆಂಬುದು ಬೇರೆ ಮಾತು. ಆದರೆ ಒಂದು ಹೋಲಿಕೆ ಸುಳ್ಳಲ್ಲ. ತನಗೆ ಬೆಲೆಯುಳ್ಳದ್ದು ಯಾವುದೆಂದು ಅರಿತು, ಆ ದಿನ ಸಾಧ್ಯವಾಗುವ ಅತಿ ಚಿಕ್ಕ ಕಾರ್ಯವನ್ನು ಮಾಡು ಎಂಬುದು ಆ ಕೂಟಗಳ ತಿರುಳು. ತಂಗಿಯ ತಲೆ ಬಾಚುವುದು, ನೆರೆಯ ಬಾಣಂತಿಗೆ ಒಂದು ಕೊಡ ನೀರು ತಂದುಕೊಡುವುದು. ಕಾಯಕವೆಂದರೆ ದುಃಖವನ್ನು ಮರೆಯುವ ಉಪಾಯವಲ್ಲ. ದುಃಖವಿದ್ದಾಗಲೂ ತನ್ನ ಬದುಕು ತನ್ನದೇ ಎಂದು ಕೈ ಮುಟ್ಟಿ ತಿಳಿಯುವ ಬಗೆ.

14 ಹಳ್ಳಿಗಳ 694 ಮಂದಿ ಸ್ತ್ರೀಯರಲ್ಲಿ ಇದನ್ನು ಪರೀಕ್ಷಿಸಿದರು. ಕೆಲವು ಹಳ್ಳಿಗಳಲ್ಲಿ ಈ ಕೂಟ ನಡೆಯಿತು, ಉಳಿದವುಗಳಲ್ಲಿ ವಾಡಿಕೆಯ ನೆರವು. ಕೂಟಕ್ಕೆ ಬಂದವರ ಸಂಕಟ ಹೆಚ್ಚು ಇಳಿದಿತ್ತು. ಮೊದಲ ವಾರದಲ್ಲಿ ಕಂಡಷ್ಟು ಅಲ್ಲವಾದರೂ ಮೂರು ತಿಂಗಳ ಮೇಲೆಯೂ ಆ ಗುಣ ಉಳಿದಿತ್ತೆಂದು 2020ರಲ್ಲಿ ಪ್ರಕಟಿಸಿದರು. ಕಡಿಮೆಯಾದುದನ್ನು ಅವರು ಮುಚ್ಚಿಡಲಿಲ್ಲ. ಆದುದರಿಂದಲೇ ಉಳಿದ ಮಾತನ್ನು ನಂಬಬಹುದು.

ಅದೇ 2020ರ ಏಪ್ರಿಲಿನಲ್ಲಿ, ಹಣ ಸಾಲದೆ, ಉಗಾಂಡದ ನಿರಾಶ್ರಿತರಿಗೆ ಸಲ್ಲುತ್ತಿದ್ದ ಆಹಾರದ ಪಾಲನ್ನು 100ಕ್ಕೆ 30ರಷ್ಟು ಇಳಿಸಲಾಯಿತು. ಹಸಿದ ಹೊಟ್ಟೆಯವಳಿಗೆ ಉಸಿರಾಟದ ಪಾಠ ಹೇಳುವುದು ಹೇಗೆ? ದಾಸೋಹವಿಲ್ಲದ ಕಡೆ ಅನುಭಾವಗೋಷ್ಠಿ ನಡೆಯಿತೆಂದು ಯಾವ ಪುರಾಣವೂ ಹೇಳುವುದಿಲ್ಲ. ಅನ್ನ, ನೀರು, ಇರುಳು ನಿರ್ಭಯವಾಗಿ ಹೊರಗೆ ಹೋಗಿ ಬರುವಂತಹ ದೀಪದ ಬೆಳಕು, ಇವು ಮೊದಲು ಬರಬೇಕು; ಮಾತು ಅವುಗಳ ಜೊತೆಯಲ್ಲಿ.

ಇನ್ನು ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆ ಬಲವಾಗಿದ್ದವರನ್ನು ಆ ಕೂಟಗಳಲ್ಲಿ ಸೇರಿಸದೆ ಬೇರೆ ಆರೈಕೆಗೆ ಒಪ್ಪಿಸಿದರು. ಹೀಗೆ ಒಪ್ಪಿಸಬೇಕಾದರೆ, ಗುಂಪಿನ ಅಂಚಿನಲ್ಲಿ ಮಾತಿಲ್ಲದೆ ಕುಳಿತವಳನ್ನು ಯಾರಾದರೊಬ್ಬರು ಬಳಿಗೆ ಹೋಗಿ, ತಗ್ಗಿದ ದನಿಯಲ್ಲಿ, ‘ಬದುಕು ಸಾಕೆನಿಸಿದೆಯೆ ತಂಗಿ?’ ಎಂದು ನೇರವಾಗಿ ಕೇಳಿರಬೇಕು.