ಅಂಗಿಯ ಸಾಕ್ಷಿ

ನೆನಪು ಸತ್ಯವಾಗಿರಬೇಕಾದರೆ ಅದಕ್ಕೊಂದು ಕುರುಹು ಬೇಕೆ? ಕುರುಹು ಇದ್ದ ಮಾತ್ರಕ್ಕೆ ನೆನಪು ಸತ್ಯವಾಗುವುದೆ? ಈ ಪ್ರಶ್ನೆ ನನಗೆ ಯಾವ ಗ್ರಂಥದಿಂದಲೂ ಬಂದುದಲ್ಲ. ಒಂದು ಹಳೆಯ ಅಂಗಿಯಿಂದ ಬಂದುದು.

ಮೊನ್ನೆ ನಮ್ಮ ತಾಯಿಯವರು ಕೌದಿ ಹೊಲಿಯಲೆಂದು ಮನೆಯ ಹಳೆಯ ಬಟ್ಟೆಗಳನ್ನೆಲ್ಲ ಹರವಿಕೊಂಡು ಕುಳಿತಿದ್ದರು. ಅವುಗಳ ನಡುವೆ ನನ್ನದೊಂದು ಕರಿಯ ಟೀ ಶರ್ಟು. ಎದೆಯ ಮೇಲಿನ ‘ಮೆಟಾಲಿಕಾ’ ಎಂಬ ಅಕ್ಷರಗಳು ಒಗೆದೊಗೆದು ಅರ್ಧ ಅಳಿಸಿಹೋಗಿದ್ದವು. “ಇದನ್ನ ಕೌದಿಗೆ ಹಾಕ್ತೀನೋ ಅಪ್ಪಾ, ಇನ್ನೆಷ್ಟ್ ದಿನ ಇಟ್ಕೋತಿ?” ಎಂದರು. ನಾನು ಬೇಡವೆಂದೆ. ಏಕೆ ಬೇಡವೆಂದೆನೆಂದು ನನ್ನನ್ನು ನಾನೇ ಕೇಳಿಕೊಂಡಾಗ ನಾಚಿಕೆಯಾಯಿತು.

ಮೆಟಾಲಿಕಾ ಎಂಬುದು 1981ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಹುಟ್ಟಿದ ರಾಕ್ ಸಂಗೀತದ ತಂಡ. 2011ರ ಅಕ್ಟೋಬರ್ 30ರಂದು ಅದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಶಿಕ್ಷಕ ತರಬೇತಿ ಮುಗಿಸಿ ನೌಕರಿಗಾಗಿ ಕಾಯುತ್ತಿದ್ದ ನಾನು ಆಗ ಬೆಂಗಳೂರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಕೋಣೆಯ ಗೆಳೆಯನು ಟಿಕೇಟು ಕೊಂಡಿದ್ದ. ನನಗೆ ಆ ಶಕ್ತಿ ಇರಲಿಲ್ಲ. ಅವನೊಡನೆ ಬಾಗಿಲವರೆಗೆ ಹೋಗಿ, ಅವನು ಒಳಗೆ ಹೋದ ಮೇಲೆ ಗೋಡೆಯ ಹೊರಗೆ ರಸ್ತೆಯ ಬದಿಯಲ್ಲಿ ನಿಂತೆ. ನಗಾರಿಗಳ ಪೆಟ್ಟು ಪಾದದಡಿಯ ನೆಲದಲ್ಲಿ ತಿಳಿಯುತ್ತಿತ್ತು. ಸಾವಿರಾರು ಕಂಠಗಳು ಒಮ್ಮೆಲೆ ಏರಿ ಇಳಿಯುತ್ತಿದ್ದವು. ಭಾಷೆ ತಿಳಿಯದಿದ್ದರೂ ಕೊನೆಯವರೆಗೆ ಅಲ್ಲಿಂದ ಕದಲಲಿಲ್ಲ. ಹೊರಬಂದ ಗೆಳೆಯನು ಎರಡು ಅಂಗಿ ಕೊಂಡಿದ್ದ. ಒಂದನ್ನು ನನಗೆ ಕೊಟ್ಟ.

ಇಷ್ಟು ನಡೆದದ್ದು. ಆದರೆ ಊರಿಗೆ ಬಂದು ಶಿಕ್ಷಕನಾದ ಮೇಲೆ ನಾನು ಹೇಳುತ್ತ ಬಂದದ್ದು ಬೇರೆ. ವೇದಿಕೆಯ ಸಮೀಪದಲ್ಲಿಯೇ ನಿಂತಿದ್ದೆನೆಂದೂ ಗಾಯಕನ ಮುಖ ಕಂಡೆನೆಂದೂ ಜೊತೆಯ ಶಿಕ್ಷಕರಿಗೆ ಹೇಳಿದೆ, ಮಕ್ಕಳಿಗೂ ಹೇಳಿದೆ. ಅಂಗಿಯೇ ಸಾಕ್ಷಿಯಾಗಿದ್ದುದರಿಂದ ಯಾರೂ ಮರುಪ್ರಶ್ನೆ ಮಾಡಲಿಲ್ಲ.

ಕಳೆದ ಶಿವರಾತ್ರಿಯ ತರುವಾಯ ನಾಲ್ಕನೆಯ ತರಗತಿಯ ಹುಡುಗನೊಬ್ಬನು ಕೈಗೆ ಬಣ್ಣದ ದಾರ ಕಟ್ಟಿಕೊಂಡು ಬಂದು, ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಯನ್ನು ಕಂಡುಬಂದೆನೆಂದು ಎಲ್ಲರಿಗೂ ವರ್ಣಿಸಿದ. ಅವನು ಹೋಗಿರಲಿಲ್ಲವೆಂದು ಪಕ್ಕದ ಹುಡುಗಿ ಹೇಳಿದಳು. ಕೇಳಿದಾಗ, “ಅಣ್ಣ ತಂದಾನ್ರೀ ಸರ್” ಎಂದು ತಲೆ ತಗ್ಗಿಸಿದ. ಸುಳ್ಳು ಹೇಳುವುದು ಎಂಥ ಪಾಪವೆಂದು ತರಗತಿಯ ಮುಂದೆ ನಿಲ್ಲಿಸಿ ಉಪದೇಶಿಸಿದೆ. ಅವನ ದಾರಕ್ಕೂ ನನ್ನ ಅಂಗಿಗೂ ಏನು ಅಂತರ?

ಇದು ಯಾರಿಗೂ ಕೇಡು ಮಾಡದ ಸಣ್ಣ ಸುಳ್ಳೆಂದು ವಾಚಕರಲ್ಲಿ ಕೆಲವರು ಹೇಳಬಹುದು. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ವಿಚಾರಿಸಿದರೆ ಕೇಡು ಎರಡು ಬಗೆಯಾಗಿ ಕಾಣುತ್ತದೆ. ಮೊದಲನೆಯದು, ತನ್ನಲ್ಲಿರುವ ದೋಷಕ್ಕೇ ಇನ್ನೊಬ್ಬನನ್ನು, ಅದೂ ಎಳೆಯನನ್ನು, ದಂಡಿಸಿದ ಅನ್ಯಾಯ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಗೋಡೆಯ ಹೊರಗೆ ನಿಂತು ಕೇಳಿದ ನಾದ ನನ್ನ ಪಾಲಿಗೆ ನಿಜವಾಗಿಯೂ ಬಂದ ಭಾಗ್ಯ. ಒಳಗಿದ್ದೆನೆಂದು ಹೇಳಿ, ಆ ಭಾಗ್ಯಕ್ಕೆ ಬೆಲೆಯೇ ಇಲ್ಲವೆಂದು ನಾನೇ ತೀರ್ಪು ಕೊಟ್ಟೆ. ಬಡತನದ ನಾಚಿಕೆಗಾಗಿ ನಿಜದ ಅನುಭವವನ್ನು ಮುಚ್ಚಿ, ಇಲ್ಲದ ಅನುಭವವನ್ನು ಹೊದ್ದುಕೊಂಡೆ.

ಒಳಗಿರುವುದೇ ಕೇಳುವುದೆಂಬ ನಿಯಮವಾದರೂ ಎಲ್ಲಿದೆ? ಬೆಂಗಳೂರಿನ ಆ ಕಛೇರಿಗೆ ಎರಡು ದಿನ ಮೊದಲು ದಿಲ್ಲಿಯ ಬಳಿಯ ಗುರುಗಾಂವದಲ್ಲಿ ಇದೇ ತಂಡ ಹಾಡಬೇಕಾಗಿತ್ತು. ಅದು ರದ್ದಾಗಿ, ಕೋಪಗೊಂಡ ಜನ ವೇದಿಕೆಯನ್ನೇ ಹಾಳುಗೆಡವಿದರು. ಟಿಕೇಟು ಇದ್ದೂ ಅಲ್ಲಿ ಅವರಿಗೆ ಹಾಡು ಸಿಗಲಿಲ್ಲ. ಅತ್ತ, ಗದಗಿನ ಸೀಮೆಯ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಕೇಳಿ, ಗುರುವನ್ನರಸುತ್ತ 1933ರಲ್ಲಿ ಮನೆ ಬಿಟ್ಟು ಹೊರಟರು. ಗಾಯಕನ ಎದುರಿನ ಆಸನ ಅವರಿಗೆ ದೊರೆತಿರಲಿಲ್ಲ. ಮುದ್ರಿಕೆಯಿಂದ ಬಂದ ದನಿಯೇ ಸಾಕಾಯಿತು. ಆಸನ ಯಾವುದೆಂಬುದಕ್ಕಿಂತ ಕೇಳಿದ್ದು ನಮ್ಮಲ್ಲಿ ಏನಾಯಿತೆಂಬುದು ಮುಖ್ಯ. ಅದಕ್ಕೆ ಅಂಗಿ ಸಾಕ್ಷಿ ಹೇಳಲಾರದು. ನಾವು ಆಡುವ ಮಾತೊಂದೇ ಹೇಳಬಲ್ಲುದು. ಆದುದರಿಂದಲೇ ಆ ಮಾತು ಶುದ್ಧವಾಗಿರಬೇಕು.

ಮರುದಿನ ತರಗತಿಯಲ್ಲಿ ಇದ್ದುದನ್ನು ಇದ್ದಂತೆ ಹೇಳಿದೆ. ಆ ಹುಡುಗನನ್ನು ಅಂದು ನಿಲ್ಲಿಸಿದ್ದು ನನ್ನ ತಪ್ಪೆಂದೂ ಹೇಳಿದೆ. ಮಕ್ಕಳು ನಗುವರೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಹುಡುಗ ಎದ್ದು ನಿಂತು, “ಹೊರಗ ನಿಂತ್ರ ಛಲೋ ಕೇಳಸ್ತಿತ್ತೇನ್ರೀ ಸರ್?” ಎಂದು ಕೇಳಿದ.

“ಛಲೋ ಕೇಳಸ್ತಿತ್ತಪ್ಪ” ಎಂದೆ. ಇಷ್ಟು ವರುಷಗಳಲ್ಲಿ ಆ ರಾತ್ರಿಯ ಬಗ್ಗೆ ನಾನಾಡಿದ ಮೊದಲ ನಿಜದ ಮಾತು ಅದು.

ಸಂಜೆ ಮನೆಗೆ ಹೋಗಿ ಅಂಗಿಯನ್ನು ತಾಯಿಯವರ ಕೈಗೆ ಕೊಟ್ಟೆ. ಈಗ ಅದು ಕೌದಿಯ ನಡುವೆ ಒಂದು ಕರಿಯ ತುಂಡಾಗಿದೆ; ಚಳಿಗೆ ಒದಗುತ್ತದೆ.